ಸ್ಕೇಟ್‌ಬೋರ್ಡ್‌ಗೆ ಕಂಟ್ರೋಲರ್: ಆಂಪ್ ನೋಡುವ ಮುನ್ನ ಬ್ರೇಕ್ ನೋಡಿ

ಪ್ರಶ್ನೆ: ಮನೆಯಲ್ಲೇ ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡ್ ಕಟ್ಟುತ್ತಿದ್ದೇನೆ. ಹಾಲ್ ಸೆನ್ಸರ್ (ಮೋಟಾರ್ ಎಷ್ಟು ತಿರುಗಿದೆ ಎಂದು ತಿಳಿಸುವಂಥದು) ಇರುವ ಎರಡು 6354 ಮೋಟಾರ್ (190 ಕೆವಿ, ಅಂದರೆ ಒಂದು ವೋಲ್ಟಿಗೆ ನಿಮಿಷಕ್ಕೆ 190 ಸುತ್ತು), ಸ್ಯಾಮ್‌ಸಂಗ್ 30ಕ್ಯೂ ಸೆಲ್‌ಗಳ 10ಎಸ್3ಪಿ ಬ್ಯಾಟರಿ (ಸರಣಿಯಲ್ಲಿ 10, ಸಮಾನಾಂತರವಾಗಿ 3 ಸೆಲ್), ಮೋಟಾರ್ ಕಡೆ 15 ಹಲ್ಲಿನ ಪುಲ್ಲಿ, ಗಾಲಿ ಕಡೆ 36 ಹಲ್ಲಿನದು, 90 ಮಿ.ಮೀ. ಗಾಲಿ. ಬೋರ್ಡ್ ಸೇರಿ ನನ್ನ ತೂಕ ಸುಮಾರು 85 ಕೆ.ಜಿ. ಕಂಟ್ರೋಲರ್‌ಗೆ ನಾಲ್ಕು ದಾರಿ ಕಾಣುತ್ತಿವೆ: ಆರ್‌ಸಿ (ರಿಮೋಟ್ ಆಟಿಕೆ) ಕಾರಿನ ಇಎಸ್‌ಸಿ, ಅಂದರೆ ಮೋಟಾರ್ ಕಂಟ್ರೋಲರ್; ರಿಮೋಟ್ ಸಮೇತ ಬರುವ ರೆಡಿಮೇಡ್ ಸ್ಕೇಟ್‌ಬೋರ್ಡ್ ಇಎಸ್‌ಸಿ; ಸೆಟ್ಟಿಂಗ್‌ಗಳನ್ನು ನಾವೇ ಬದಲಿಸಬಹುದಾದ ವೆಸ್ಕ್ ಕಂಟ್ರೋಲರ್‌ನ 4 ಮಾದರಿ, ಅದರದೇ 6 ಮಾದರಿ. ಆರ್‌ಸಿ ಇಎಸ್‌ಸಿ ಮೇಲೆ 150 ಆಂಪ್ ಎಂದಿದೆ, ವೆಸ್ಕ್ ಮೇಲೆ 50 ಎಂದಿದೆ. ದೊಡ್ಡದೇ ಒಳ್ಳೆಯದಲ್ಲವೇ?

ಉತ್ತರ: ಅಲ್ಲ. ಆ ಎರಡು ಅಂಕಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ. ಯಾವ ಕರೆಂಟು, ಎಷ್ಟು ಹೊತ್ತು, ಎಷ್ಟು ಗಾಳಿ ಆಡುವಾಗ ಎಂದು ಹೇಳದ ಆಂಪ್‌ಗೆ ಅರ್ಥವಿಲ್ಲ. ಆರ್‌ಸಿ ಕಾರಿನ ಇಎಸ್‌ಸಿಗೆ ಮೇಲೊಂದು ಫ್ಯಾನು, ಓಡುವುದು ಹತ್ತು ಹದಿನೈದು ನಿಮಿಷ, ಎಳೆಯುವುದು ಹೆಚ್ಚೆಂದರೆ ಕೆಲವು ಕಿಲೋ. ಸ್ಕೇಟ್‌ಬೋರ್ಡ್‌ನದು ಮುಚ್ಚಿದ ಡಬ್ಬಿಯೊಳಗೆ ಕೂತು ಒಬ್ಬ ಆಳನ್ನು ದಿಬ್ಬ ಹತ್ತಿಸಬೇಕು. ಅದಕ್ಕಿಂತ ಮುಖ್ಯವಾದದ್ದು, ಇಳಿಜಾರಿನಲ್ಲಿ ಅದೇ ನಿಮ್ಮ ಬ್ರೇಕು. ಬೇರೆ ಬ್ರೇಕ್ ಬೋರ್ಡ್‌ನಲ್ಲಿ ಇಲ್ಲ. ಆದ್ದರಿಂದ ಈ ನಾಲ್ಕನ್ನೂ ನಾನು ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ: ಬ್ರೇಕ್ ಹೇಗೆ ಹಿಡಿಯುತ್ತದೆ, ಕೈಕೊಟ್ಟರೆ ಹೇಗೆ ಕೈಕೊಡುತ್ತದೆ?

ಮೊದಲು ಆರ್‌ಸಿ ಇಎಸ್‌ಸಿಯನ್ನು ಬದಿಗಿಡೋಣ. ಅವುಗಳಲ್ಲಿ ಹೆಚ್ಚಿನವು 6ಎಸ್ ತನಕ, ಅಂದರೆ 25.2 ವೋಲ್ಟ್. ನಿಮ್ಮ ಬ್ಯಾಟರಿ ತುಂಬಿದಾಗ 42 ವೋಲ್ಟ್. ಹಚ್ಚಿದ ಕ್ಷಣವೇ ಹೊಗೆ. 6ಎಸ್‌ಗೆ ಇಳಿಸಿದರೂ ಇನ್ನೊಂದು ತೊಂದರೆ ಉಳಿಯುತ್ತದೆ. ಇವು ಟ್ರಿಗರ್ ಎಷ್ಟು ಒತ್ತಿದಿರೋ ಅಷ್ಟು ವೋಲ್ಟೇಜನ್ನು ಮೋಟಾರಿಗೆ ಕೊಡುತ್ತವೆ. ಮೂವತ್ತು ಶೇಕಡಾ ಒತ್ತಿದರೆ ಮೂವತ್ತು ಶೇಕಡಾ ವೇಗಕ್ಕೆ ಈಗಲೇ ಹೋಗು ಎಂದು ಹೇಳಿದಂತೆ. ನಿಂತ ಬೋರ್ಡ್ ಜಗ್ಗುತ್ತದೆ, ನೀವು ಹಿಂದಕ್ಕೆ ವಾಲುತ್ತೀರಿ. ವೆಸ್ಕ್ ಹೀಗಲ್ಲ. ಅಲ್ಲಿ ಟ್ರಿಗರ್ ಹೇಳುವುದು ಕರೆಂಟನ್ನು, ಕರೆಂಟೆಂದರೆ ಟಾರ್ಕ್. ಕಾರಿನ ಆಕ್ಸಿಲರೇಟರ್ ತುಳಿದ ಹಾಗೆ ನೂಕು ಬರುತ್ತದೆ, ವೇಗ ತಾನಾಗಿ ಏರುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಕಾಲಿಗೆ ಮೊದಲ ಹತ್ತು ಅಡಿಯಲ್ಲೇ ತಿಳಿಯುತ್ತದೆ. (ವಿಮಾನದ ಮಾದರಿಗಳ ಇಎಸ್‌ಸಿ ಕೂಡ ಕೆಲವರು ಹಾಕುತ್ತಾರೆ. ಅದರ ‘ಬ್ರೇಕ್’ ಇರುವುದು ಫ್ಯಾನಿನ ರೆಕ್ಕೆ ನಿಲ್ಲಿಸಲು, ಆಳನ್ನು ನಿಲ್ಲಿಸಲು ಅಲ್ಲ. ಖಂಡಿತ ಬೇಡ.)

ಈಗ ಆ ಆಂಪ್‌ಗಳ ವಿಷಯ. ಬ್ಯಾಟರಿ ಕರೆಂಟು ಬೇರೆ, ಮೋಟಾರ್ ಕರೆಂಟು ಬೇರೆ. ಇದು ತಲೆಗೆ ಹೋದರೆ ಉಳಿದದ್ದೆಲ್ಲ ಸಲೀಸು. ಕಂಟ್ರೋಲರ್ ಒಂದು ಥರ ಗೇರ್‌ಬಾಕ್ಸ್: ಕಡಿಮೆ ವೇಗದಲ್ಲಿ ಬ್ಯಾಟರಿಯ ಹೆಚ್ಚು ವೋಲ್ಟ್, ಕಡಿಮೆ ಆಂಪನ್ನು ಮೋಟಾರಿಗೆ ಕಡಿಮೆ ವೋಲ್ಟ್, ಹೆಚ್ಚು ಆಂಪಾಗಿ ಬದಲಿಸಿ ಕೊಡುತ್ತದೆ. ನಿಮ್ಮ 190 ಕೆವಿ ಮೋಟಾರ್ ಒಂದು ಆಂಪಿಗೆ ಸುಮಾರು 0.05 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ (9.55 ಅನ್ನು ಕೆವಿಯಿಂದ ಭಾಗಿಸಿ). 50 ಆಂಪಿಗೆ 2.5, ಪುಲ್ಲಿಯ 2.4 ಪಟ್ಟು ಸೇರಿದರೆ ಗಾಲಿಯಲ್ಲಿ 6. ಗಾಲಿಯ ತ್ರಿಜ್ಯ 45 ಮಿ.ಮೀ., ಹಾಗಾಗಿ ಒಂದು ಮೋಟಾರಿನ ನೂಕು ಸುಮಾರು 134 ನ್ಯೂಟನ್, ಎರಡು ಸೇರಿ 268. ನಿಮ್ಮ 85 ಕಿಲೋಗೆ ಅದು ಧಾರಾಳ. ಗಂಟೆಗೆ 8 ಕಿ.ಮೀ. ವೇಗದಲ್ಲಿ ಅಷ್ಟು ನೂಕುವಾಗ ಮೋಟಾರುಗಳಲ್ಲಿ ಒಟ್ಟು 100 ಆಂಪ್ ಹರಿಯುತ್ತಿದ್ದರೂ ಬ್ಯಾಟರಿಯಿಂದ ಹೊರಡುವುದು ನಷ್ಟ ಸೇರಿ ಇಪ್ಪತ್ತು ಚಿಲ್ಲರೆ ಆಂಪ್ ಅಷ್ಟೆ. ಅಂದಮೇಲೆ ಬದಿಗೆ 50 ಆಂಪ್ ಮೋಟಾರ್ ಕರೆಂಟನ್ನು ನಿಜವಾಗಿ ತಾಳುವ ಕಂಟ್ರೋಲರ್ ನಿಮಗೆ ಸಾಕು. ಡಬ್ಬಿಯ ಮೇಲಿನ 150 ಬೇಕಿಲ್ಲ.

ರೆಡಿಮೇಡ್ ಸ್ಕೇಟ್‌ಬೋರ್ಡ್ ಇಎಸ್‌ಸಿಗಳು ಕೆಟ್ಟವಲ್ಲ. ಹಾಬಿವಿಂಗ್‌ನಂಥ ಕಂಪನಿಗಳು ಮಾಡುವ ಈ ಬಗೆಯ ಇಎಸ್‌ಸಿಗಳ ಬ್ರೇಕ್ ಮೆತ್ತಗೆ, ಹದವಾಗಿ ಹಿಡಿಯುತ್ತದೆ. ರಿಮೋಟ್ ಅದರ ಜೊತೆಗೇ ಹೊಂದಿಕೊಂಡು ಬರುತ್ತದೆ, ಸೆಟ್ಟಿಂಗ್ ಎಂದರೆ ಮೂರ್ನಾಲ್ಕು ಮೋಡ್ ಮಾತ್ರ. ಗಾಲಿಯೊಳಗೇ ಇರುವ ಹಬ್ ಮೋಟಾರಿನ, ದೊಡ್ಡ ಬ್ಯಾಟರಿಯ ಬೋರ್ಡ್ ಕಟ್ಟುವವರಿಗೆ, ಲ್ಯಾಪ್‌ಟಾಪ್ ತೆರೆದು ಕೂರುವ ಆಸೆ ಇಲ್ಲದವರಿಗೆ ಇದನ್ನೇ ಹೇಳುತ್ತೇನೆ. ನಿಮಗೆ ಮಾತ್ರ ಹೇಳುವುದಿಲ್ಲ. ಇವುಗಳಲ್ಲಿ ಹೆಚ್ಚಿನವುಗಳಲ್ಲಿ ಬ್ರೇಕ್ ಹಿಡಿದಾಗ ಬ್ಯಾಟರಿಗೆ ವಾಪಸು ಹೋಗುವ ಕರೆಂಟಿಗೆ ನೀವು ಮಿತಿ ಹಾಕಲಾರಿರಿ. ನಿಮ್ಮ ಬ್ಯಾಟರಿಯೋ ಬರೀ 3ಪಿ.

ಅದನ್ನೇ ಬಿಡಿಸಿ ಹೇಳುತ್ತೇನೆ. 30ಕ್ಯೂ ಸೆಲ್ ಒಂದಕ್ಕೆ ಡಿಸ್ಚಾರ್ಜ್ 15 ಆಂಪ್, ಗರಿಷ್ಠ ಚಾರ್ಜ್ 4 ಆಂಪ್ (ಮಾಮೂಲಿ ಚಾರ್ಜ್ 1.5). ಮೂರು ಸೆಲ್ ಸಮಾನಾಂತರವಾಗಿದ್ದರೆ ಹೊರಗೆ 45 ಆಂಪ್, ಒಳಗೆ ಹೆಚ್ಚೆಂದರೆ 12 ಆಂಪ್. ಬ್ಯಾಟರಿ 38 ವೋಲ್ಟ್‌ನಲ್ಲಿದೆ ಎಂದರೆ 12 ಆಂಪ್ ಅಂದರೆ 456 ವ್ಯಾಟ್. ಗಂಟೆಗೆ 40 ಕಿ.ಮೀ. ವೇಗದಲ್ಲಿ (ಸೆಕೆಂಡಿಗೆ 11.1 ಮೀಟರ್) 456 ವ್ಯಾಟ್ ಕೊಡುವ ಬ್ರೇಕ್ ಬಲ ಕೇವಲ 41 ನ್ಯೂಟನ್. ಬ್ರೇಕ್ ಇದೆಯೋ ಇಲ್ಲವೋ ಎನ್ನುವಷ್ಟು. 15 ಕಿ.ಮೀ.ಗೆ ಇಳಿದಾಗ ಅದೇ 456 ವ್ಯಾಟ್ 109 ನ್ಯೂಟನ್ ಆಗುತ್ತದೆ. 6 ಕಿ.ಮೀ. ಹತ್ತಿರ ಬಂದ ಮೇಲಷ್ಟೇ ಮೋಟಾರಿನ ಪೂರ್ತಿ 268 ನ್ಯೂಟನ್ ಸಿಗುತ್ತದೆ. ನಿಲ್ಲುವ ದೂರವನ್ನೂ ಲೆಕ್ಕ ಹಾಕಬಹುದು: 40 ಕಿ.ಮೀ.ಯಿಂದ ಸುಮಾರು 85 ಮೀಟರ್, 25 ಕಿ.ಮೀ.ಯಿಂದ 21 ಮೀಟರ್. ಗಾಳಿಯ ತಡೆ, ಮೋಟಾರ್ ಸುರುಳಿಯಲ್ಲಿ ಶಾಖವಾಗಿ ಹೋಗುವ ಶಕ್ತಿ ಇವೆರಡನ್ನೂ ಇಲ್ಲಿ ಹಿಡಿದಿಲ್ಲ, ಅವು ದೂರವನ್ನು ಒಂದಿಷ್ಟು ತಗ್ಗಿಸುತ್ತವೆ. ಇಳಿಜಾರು ಅದನ್ನೇ ಹಿಗ್ಗಿಸುತ್ತದೆ.

ಮಿತಿ ಹಾಕಿದರೆ ವೇಗದಲ್ಲಿ ಬ್ರೇಕ್ ಸಾಲದು, ಹಾಕದಿದ್ದರೆ ಸೆಲ್ ಹಾಳು. ಅತ್ತ ದರಿ ಇತ್ತ ಪುಲಿ. ಸರಿಯಾದ ಪರಿಹಾರ ಕಂಟ್ರೋಲರ್‌ನಲ್ಲಿಲ್ಲ, ಬ್ಯಾಟರಿಯಲ್ಲಿದೆ. ಡೆಕ್ ಕೆಳಗೆ ಜಾಗವಿದ್ದರೆ 4ಪಿ ಮಾಡಿ, 16 ಆಂಪ್ ವಾಪಸು ತಗೊಳ್ಳುತ್ತದೆ. ಜಾಗವಿಲ್ಲವಾದರೆ ವೇಗವನ್ನು ಅದಕ್ಕೆ ತಕ್ಕ ಹಾಗೆ ಇಟ್ಟುಕೊಳ್ಳಿ. ಗೇರ್ ಲೆಕ್ಕದಲ್ಲಿ ನಿಮ್ಮ ಬೋರ್ಡ್ 36 ವೋಲ್ಟ್‌ನಲ್ಲಿ ಹೊರೆಯಿಲ್ಲದೆ 48 ಕಿ.ಮೀ. ಮುಟ್ಟುತ್ತದೆ, ರಸ್ತೆಯಲ್ಲಿ 40ರ ಆಸುಪಾಸು. 3ಪಿ ಬ್ಯಾಟರಿಗೆ ಅದು ಅತಿಯಾಯಿತು. ಮೋಟಾರ್ ಕಡೆಗೆ 13 ಹಲ್ಲಿನ ಪುಲ್ಲಿ ಹಾಕಿದರೆ ವೇಗ ಸುಮಾರು 13 ಶೇಕಡಾ ಇಳಿಯುತ್ತದೆ, ದಿಬ್ಬವೂ ಸುಲಭವಾಗುತ್ತದೆ.

ಉಳಿದದ್ದು ವೆಸ್ಕ್. ಸ್ವೀಡನ್ನಿನ ಬೆಂಜಮಿನ್ ವೆಡ್ಡರ್ ಎಂಬ ಎಂಜಿನಿಯರ್ ಮಾಡಿ, ಸರ್ಕ್ಯೂಟು ಮತ್ತು ಸಾಫ್ಟ್‌ವೇರ್ ಎರಡನ್ನೂ ಎಲ್ಲರಿಗೂ ತೆರೆದಿಟ್ಟ ವಿನ್ಯಾಸ ಇದು. ಆದ್ದರಿಂದಲೇ ಟ್ರಾಂಪಾ, ಫ್ಲಿಪ್‌ಸ್ಕೈ, ಮೇಕರ್‌ಎಕ್ಸ್ ಹೀಗೆ ಹಲವರು ಇದರ ಆಧಾರದ ಮೇಲೆ ಮಾಡುತ್ತಾರೆ. ಹೆಸರು ಏನೇ ಇರಲಿ, ಒಳಗಿನ ಹಾರ್ಡ್‌ವೇರ್ 4ನೇ ಪೀಳಿಗೆಯದೋ 6ನೆಯದೋ ಎಂದು ಕೇಳಿ ತಿಳಿದುಕೊಳ್ಳಿ.

4ನೇ ಪೀಳಿಗೆಯ ದುರ್ಬಲ ಜಾಗ ಡಿಆರ್‌ವಿ8302 ಎಂಬ ಗೇಟ್ ಡ್ರೈವರ್ ಚಿಪ್. ಮಾಸ್‌ಫೆಟ್‌ಗಳನ್ನು, ಅಂದರೆ ಕರೆಂಟು ಕಡಿದು ಜೋಡಿಸುವ ಸ್ವಿಚ್‌ಗಳನ್ನು, ನಡೆಸುವುದು ಇದೇ. 60 ವೋಲ್ಟ್ ಅದರ ಮಿತಿ. ವೋಲ್ಟೇಜ್ ಒಮ್ಮೆಲೇ ಚಿಮ್ಮಿದರೂ (ಸ್ಪೈಕ್) ಸಾಯುವುದು ಅದೇ ಮೊದಲು. ಕರೆಂಟ್ ಅಳೆಯುವ ಶಂಟ್‌ಗಳು ಇದರಲ್ಲಿ ಕೆಳ ಮಾಸ್‌ಫೆಟ್‌ಗಳ ಕಡೆಗಿವೆ. ಕೆಳಗಿನದು ಆನ್ ಆಗಿರುವಾಗ ಮಾತ್ರ ಅಳತೆ ಸಿಗುತ್ತದೆ. ಪೂರ್ತಿ ವೇಗದಲ್ಲಿ ಅದು ಆನ್ ಆಗಿರುವ ಹೊತ್ತು ತೀರ ಕಿರಿದು, ಅಳತೆ ತಪ್ಪುತ್ತದೆ. ಬಿಎಲ್‌ಡಿಸಿ, ಎಫ್‌ಓಸಿ ಎಂದು ಮೋಟಾರ್ ಓಡಿಸುವ ಎರಡು ರೀತಿಗಳಿವೆ (ವ್ಯತ್ಯಾಸ ಮುಂದೆ ಹೇಳುತ್ತೇನೆ). ಬಿಎಲ್‌ಡಿಸಿ ಮೋಡ್‌ನಲ್ಲಿ ಅಳತೆ ತಪ್ಪಿದರೂ ಕೆಲಸ ಸಾಗುತ್ತದೆ. ಎಫ್‌ಓಸಿ ಮೋಡ್ ಪ್ರತಿ ಕ್ಷಣದ ಕರೆಂಟನ್ನೇ ನಂಬಿ ಕೆಲಸ ಮಾಡುವುದರಿಂದ ಅಲ್ಲಿ ಫಾಲ್ಟ್ ಬೀಳುತ್ತದೆ (ದೋಷ ಕಂಡು ಕಂಟ್ರೋಲರ್ ತಾನೇ ಕಡಿದುಕೊಳ್ಳುತ್ತದೆ), ಕೆಲವೊಮ್ಮೆ ಚಿಪ್ಪೇ ಹೋಗುತ್ತದೆ. 6ನೇ ಪೀಳಿಗೆಯಲ್ಲಿ ಶಂಟ್‌ಗಳನ್ನು ನೇರವಾಗಿ ಮೋಟಾರಿಗೆ ಹೋಗುವ ಫೇಸ್ ವೈರ್‌ಗಳ ದಾರಿಯಲ್ಲೇ ಇಟ್ಟಿದ್ದಾರೆ, ಡ್ರೈವರ್ ಚಿಪ್ಪೂ ಬದಲಾಗಿದೆ. ಎಫ್‌ಓಸಿ ಬೇಕಾದರೆ 6 ಕೊಳ್ಳಿ.

ಎಫ್‌ಓಸಿಯೇ ಯಾಕೆ ಎಂದರೆ, ಬಿಎಲ್‌ಡಿಸಿ ಮೋಡ್ ಒಂದು ವಿದ್ಯುತ್ ಸುತ್ತನ್ನು (ಒಂದು ಕಾಂತಜೋಡಿ ದಾಟುವಷ್ಟು) ಆರು ಮೆಟ್ಟಿಲಾಗಿ ನೂಕುತ್ತದೆ, ಆ ಮೆಟ್ಟಿಲೇ ಕಿರ್ರ್ ಎನ್ನುವ ಸದ್ದು. ಎಫ್‌ಓಸಿ ನಯವಾದ ಅಲೆಯಾಗಿ ಕರೆಂಟು ಕೊಡುತ್ತದೆ, ಮೋಟಾರ್ ಸದ್ದೇ ಮಾಡುವುದಿಲ್ಲ, ಬೆಲ್ಟಿನ ಸದ್ದು ಮಾತ್ರ ಕೇಳುತ್ತದೆ. ಸದ್ದು ನಿಮಗೆ ತೊಂದರೆಯಲ್ಲ ಎಂದಾದರೆ, 10ಎಸ್‌ನಲ್ಲಿ 4ನೇ ಪೀಳಿಗೆಯದನ್ನು ಬಿಎಲ್‌ಡಿಸಿ ಮೋಡ್‌ನಲ್ಲಿ ಧೈರ್ಯವಾಗಿ ಓಡಿಸಬಹುದು. ಇಆರ್‌ಪಿಎಂ (ನಿಮಿಷಕ್ಕೆ ಎಷ್ಟು ವಿದ್ಯುತ್ ಸುತ್ತು) ಮಾತ್ರ 60,000 ದಾಟಬಾರದು. ಲೆಕ್ಕ: ವೋಲ್ಟ್ × ಕೆವಿ × ಕಾಂತಜೋಡಿ. ನಿಮ್ಮ ಮೋಟಾರಿಗೆ 14 ಧ್ರುವ, ಅಂದರೆ 7 ಜೋಡಿ. 42 × 190 × 7 = 55,860. ಒಳಗಿದೆ. ಮುಂದೆ 12ಎಸ್‌ಗೆ ಹೋದರೆ 67,032, ಆಗ 4 ಸಾಲದು.

ನನ್ನ ಆಯ್ಕೆ: 6ನೇ ಪೀಳಿಗೆಯ, ಎರಡೂ ಮೋಟಾರಿಗೆ ಒಂದೇ ಬೋರ್ಡ್‌ನಲ್ಲಿ ಬರುವ ಡ್ಯುಯಲ್. ಎರಡು ಬಿಡಿ ಕಂಟ್ರೋಲರ್ ಕೊಂಡರೆ ಎರಡೂ ಮಾತಾಡಿಕೊಳ್ಳಲು ನಡುವೆ ಕ್ಯಾನ್ ಎಂಬ ಸಿಗ್ನಲ್ ವೈರ್ ಎಳೆಯಬೇಕು. ಆಗ ಕ್ಯಾನ್-ಹೈ, ಕ್ಯಾನ್-ಲೋ ಎರಡನ್ನೇ ಜೋಡಿಸಿ, 5 ವೋಲ್ಟ್ ವೈರ್ ಕತ್ತರಿಸಿಬಿಡಿ. ಎರಡಕ್ಕೂ ಒಂದೇ ಸ್ವಿಚ್ ಇರಲಿ. ಒಂದು ಆನ್ ಆಗಿ ಇನ್ನೊಂದು ಆಫ್ ಇದ್ದರೆ ಕರೆಂಟು ಸಣ್ಣ ಸಿಗ್ನಲ್ ವೈರಿನಲ್ಲೇ ದಾರಿ ಹುಡುಕಿಕೊಂಡು ಎರಡನ್ನೂ ಸುಡಬಹುದು.

ವೈರಿಂಗ್‌ನಲ್ಲಿ ಜನ ಮಾಡುವ ತಪ್ಪು ಯಾವಾಗಲೂ ಒಂದೇ: ಬ್ಯಾಟರಿ ಡೆಕ್‌ನ ಮುಂದೆ, ಕಂಟ್ರೋಲರ್ ಹಿಂದೆ, ನಡುವೆ ಎರಡಡಿ ವೈರ್. ಕಂಟ್ರೋಲರ್ ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಕಡಿದು ಜೋಡಿಸುತ್ತದೆ. ಉದ್ದ ವೈರ್ ಅದನ್ನು ವಿರೋಧಿಸಿ ಪ್ರತಿ ಸಲವೂ ವೋಲ್ಟೇಜ್ ಎಬ್ಬಿಸುತ್ತದೆ, ಆ ಏಟನ್ನು ತಿನ್ನುವುದು ಕೆಪಾಸಿಟರ್‌ಗಳು. ಉದ್ದ ಮಾಡಲೇಬೇಕಾದರೆ ಮೋಟಾರ್ ಕಡೆಯ ಮೂರು ಫೇಸ್ ವೈರ್ ಉದ್ದ ಮಾಡಿ, ಅದಕ್ಕೇನೂ ತೊಂದರೆಯಿಲ್ಲ. ಬ್ಯಾಟರಿ ವೈರ್ ಒಂದಡಿ ದಾಟಿತು ಎಂದರೆ ಕಂಟ್ರೋಲರ್‌ನ ಬಾಯಲ್ಲೇ 63 ವೋಲ್ಟ್, 680 ಮೈಕ್ರೋಫ್ಯಾರಡ್‌ನ ಕಡಿಮೆ ಇಎಸ್‌ಆರ್ (ಒಳ ರೆಸಿಸ್ಟೆನ್ಸ್) ಕೆಪಾಸಿಟರ್ ಎರಡು ಮೂರು ಬೆಸುಗೆ ಹಾಕಿ. ಪ್ಲಸ್ ಮೈನಸ್ ಅದಲುಬದಲಾದರೆ ಅದು ಪಟಾಕಿಯಂತೆ ಸಿಡಿಯುತ್ತದೆ, ಎರಡು ಸಲ ನೋಡಿ.

ಆನ್ ಮಾಡುವಾಗಿನ ಕಿಡಿಗೆ ಎಕ್ಸ್‌ಟಿ90-ಎಸ್ ಕನೆಕ್ಟರ್‌ನ ಲೂಪ್ ಕೀ (ಸಿಕ್ಕಿಸಿದರೆ ಆನ್, ಕಿತ್ತರೆ ಆಫ್) ಸಾಕು. ಅದರೊಳಗಿನ ಸಣ್ಣ ರೆಸಿಸ್ಟರ್ ಮೊದಲು ತಗಲಿ ಕೆಪಾಸಿಟರ್ ತುಂಬಿಸುತ್ತದೆ. ಮಾಸ್‌ಫೆಟ್ ಇರುವ ಎಲೆಕ್ಟ್ರಾನಿಕ್ ಸ್ವಿಚ್ ನೋಡಲು ಅಂದ, ಆದರೆ ಕೆಟ್ಟಾಗ ಹೆಚ್ಚಾಗಿ ‘ಆನ್’ ಸ್ಥಿತಿಯಲ್ಲೇ ಕೆಡುತ್ತದೆ.

ಬಿಎಂಎಸ್, ಅಂದರೆ ಬ್ಯಾಟರಿಯ ಸೆಲ್‌ಗಳನ್ನು ಕಾಯುವ ಸರ್ಕ್ಯೂಟು, ಅದರ ಬಗ್ಗೆ ಗಮನವಿಡಿ. ಬೋರ್ಡ್‌ನ ಕರೆಂಟು ಬಿಎಂಎಸ್ ಮೂಲಕ ಹಾಯುವಂತೆ ಮಾಡಿದರೆ, ತುಂಬಿದ ಬ್ಯಾಟರಿಯಲ್ಲಿ ಇಳಿಜಾರು ಇಳಿಯುವಾಗ ಯಾವುದೋ ಒಂದು ಸೆಲ್ ಮಿತಿ ಮುಟ್ಟುತ್ತದೆ, ಬಿಎಂಎಸ್ ಚಾರ್ಜ್ ಬಾಗಿಲು ಮುಚ್ಚುತ್ತದೆ. ಆ ಕ್ಷಣ ಬ್ರೇಕ್ ಕರೆಂಟಿಗೆ ಹೋಗಲು ಜಾಗವಿಲ್ಲ: ವೋಲ್ಟೇಜ್ ಚಿಮ್ಮುತ್ತದೆ, ಕಂಟ್ರೋಲರ್ ಫಾಲ್ಟ್ ಆಗುತ್ತದೆ, ಬ್ರೇಕ್ ಮಾಯ. ಹಾಗಾಗಿ ಬಿಎಂಎಸ್ ಚಾರ್ಜಿಂಗ್‌ಗೆ ಮಾತ್ರ ಇರಲಿ. ಕಂಟ್ರೋಲರ್‌ಗೆ ಬ್ಯಾಟರಿಯಿಂದ ನೇರ, ನಡುವೆ ಒಂದು ಫ್ಯೂಸ್. ಕಡಿಮೆ ವೋಲ್ಟೇಜ್‌ನ ಕಾವಲನ್ನು ವೆಸ್ಕ್ ನೋಡಿಕೊಳ್ಳುತ್ತದೆ. ಹೆಚ್ಚು ವೋಲ್ಟೇಜ್‌ನ ಕಾವಲು ನಿಮ್ಮದೇ: ಹೊರಟ ಕೂಡಲೇ ಇಳಿಜಾರು ಇದ್ದರೆ 42 ತನಕ ತುಂಬಿಸಬೇಡಿ, 41ಕ್ಕೆ ನಿಲ್ಲಿಸಿ.

ಸೆಟ್ಟಿಂಗ್ ಮಾಡುವಾಗ ಗಾಲಿಗಳು ನೆಲದಿಂದ ಮೇಲಿರಲಿ, ಬೆಲ್ಟ್ ಬಿಚ್ಚಿಟ್ಟರೆ ಇನ್ನೂ ಒಳ್ಳೆಯದು. ವೆಸ್ಕ್ ಟೂಲ್ ಎಂಬ ಸೆಟ್ಟಿಂಗ್ ಸಾಫ್ಟ್‌ವೇರ್‌ನಲ್ಲಿ ಮೋಟಾರ್ ಸೆಟಪ್ ಓಡಿಸಿ. ಅದು ಸುರುಳಿಯ ರೆಸಿಸ್ಟೆನ್ಸ್, ಇಂಡಕ್ಟೆನ್ಸ್, ಫ್ಲಕ್ಸ್ ಲಿಂಕೇಜ್ ಮೂರನ್ನೂ ಅಳೆಯುತ್ತದೆ. ಎರಡೂ ಮೋಟಾರ್ ಒಂದೇ ಜಾತಿಯಾದ್ದರಿಂದ ಅಂಕಿಗಳೂ ಹತ್ತಿರ ಹತ್ತಿರ ಬರಬೇಕು. ಒಂದರ ರೆಸಿಸ್ಟೆನ್ಸ್ ಎದ್ದು ಕಾಣುವಷ್ಟು ಹೆಚ್ಚಿದ್ದರೆ ಆ ಕಡೆಯ ಬುಲೆಟ್ ಕನೆಕ್ಟರ್ ಸಡಿಲ ಅಥವಾ ಬೆಸುಗೆ ಹಸಿ. ಅದೇ ಹೊತ್ತಿಗೆ ಹಾಲ್ ಟೇಬಲ್ ನೋಡಿ: ಎಂಟು ಅಂಕಿಗಳ ಸಾಲಿನಲ್ಲಿ ಮೊದಲನೆಯದೂ ಕೊನೆಯದೂ 255 ಇರಬೇಕು, ನಡುವಿನ ಆರು ಬೇರೆ ಬೇರೆ ಇರಬೇಕು. ನಡುವೆಯೂ 255 ಕಂಡರೆ ಮೂರು ಸೆನ್ಸರ್ ವೈರ್‌ಗಳಲ್ಲಿ ಒಂದು ತುಂಡಾಗಿದೆ ಅಥವಾ ಆ ಪುಟ್ಟ ಆರು ಪಿನ್ನಿನ ಕನೆಕ್ಟರ್ ಪೂರ್ತಿ ಒಳಗೆ ಕೂತಿಲ್ಲ. ಹೊರಡುವಾಗ ಗಾಲಿ ಗಡಗಡ ನಡುಗಿ ಆಮೇಲೆ ಸರಿಯಾಗುವ ಬೋರ್ಡ್‌ಗಳ ಕಾಯಿಲೆ ಬಹುತೇಕ ಇದೇ.

ನಂತರ ಮಿತಿಗಳು. ಇವೆಲ್ಲ ಪ್ರತಿ ಬದಿಗೂ ಬೇರೆ ಬೇರೆ ತುಂಬಬೇಕಾದವು ಎಂಬುದನ್ನು ಮರೆತರೆ ಬ್ಯಾಟರಿಗೆ ಎರಡು ಪಟ್ಟು ಹೊರೆ. ನಿಮ್ಮ ಬೋರ್ಡ್‌ಗೆ ಪ್ರತಿ ಬದಿಗೆ: ಮೋಟಾರ್ ಗರಿಷ್ಠ 50 ಆಂಪ್, ಮೋಟಾರ್ ಬ್ರೇಕ್ ಮೈನಸ್ 50, ಬ್ಯಾಟರಿ ಗರಿಷ್ಠ 22, ಬ್ಯಾಟರಿ ರೀಜೆನ್ (ಬ್ರೇಕ್‌ನಿಂದ ವಾಪಸು ಹೋಗುವ ಕರೆಂಟು) ಮೈನಸ್ 6. ವೋಲ್ಟೇಜ್ ಕಟಾಫ್ ಶುರುವಾಗುವುದು 34ಕ್ಕೆ, ಮುಗಿಯುವುದು 31ಕ್ಕೆ. ಈ ಎರಡರ ನಡುವೆ ಅಂತರ ಇರಲೇಬೇಕು. ಎರಡನ್ನೂ ಒಂದೇ ಇಟ್ಟರೆ ದಿಬ್ಬದ ನಡುವೆ ಮೋಟಾರ್ ದಿಢೀರನೆ ಬಿಟ್ಟುಬಿಡುತ್ತದೆ. ಮಾಸ್‌ಫೆಟ್ ಉಷ್ಣತೆಯ ಮಿತಿ 85 ಮತ್ತು 100 ಡಿಗ್ರಿಯನ್ನು ಹಾಗೇ ಬಿಡಿ. ಅದನ್ನು ಮುಟ್ಟುತ್ತಿದೆ ಎಂದರೆ ಅಂಕಿ ಏರಿಸಬೇಡಿ, ಥರ್ಮಲ್ ಪ್ಯಾಡ್ ಇಟ್ಟು ಡಬ್ಬಿಯ ಹೊರಗೆ ಗಾಳಿ ತಾಗುವ ಅಲ್ಯುಮಿನಿಯಂ ತಟ್ಟೆಗೆ ಕೂರಿಸಿ. ಹೊಸ ಫರ್ಮ್‌ವೇರ್‌ನಲ್ಲಿ ಫೀಲ್ಡ್ ವೀಕನಿಂಗ್ ಎಂಬ ಆಸೆ ತೋರಿಸುವ ಸೆಟ್ಟಿಂಗ್ ಇದೆ. ವೇಗ ಹೆಚ್ಚುತ್ತದೆ ನಿಜ, ಆದರೆ ಆ ವೇಗದಲ್ಲಿ ಕಂಟ್ರೋಲರ್ ಫಾಲ್ಟ್ ಆದರೆ ಮೋಟಾರಿನ ವೋಲ್ಟೇಜ್ ಬ್ಯಾಟರಿಯದನ್ನು ಮೀರಿ ನೀವು ಕೇಳದ ಬ್ರೇಕ್ ಬೀಳುತ್ತದೆ. ಸೊನ್ನೆಯಲ್ಲೇ ಇರಲಿ.

ರಿಮೋಟಿಗೆ ‘ಕರೆಂಟ್, ನೋ ರಿವರ್ಸ್ ವಿತ್ ಬ್ರೇಕ್’ ಮೋಡ್ ಆರಿಸಿ. ಪಲ್ಸ್ 1 ಮಿಲಿಸೆಕೆಂಡ್‌ನಿಂದ 2ರ ತನಕ, ನಡು 1.5 ಎಂಬುದು ಪುಸ್ತಕದ ಮಾತು. ನಿಮ್ಮ ರಿಮೋಟ್ 1.08ರಿಂದ 1.93 ಕೊಡಬಹುದು, ಮ್ಯಾಪಿಂಗ್ ಮಾಡಿ ನಿಜವಾದ ಅಂಕಿ ತುಂಬಿ. ಮ್ಯಾಪಿಂಗ್ ಮಾಡದ ಬೋರ್ಡ್‌ನಲ್ಲಿ ಪೂರ್ತಿ ಬ್ರೇಕ್ ಒತ್ತಿದರೂ 80 ಶೇಕಡಾ ಮಾತ್ರ ಹಿಡಿಯುತ್ತದೆ, ಸವಾರ ಕಂಟ್ರೋಲರ್‌ನ್ನು ಬೈಯುತ್ತಿರುತ್ತಾನೆ.

ಒಂದು ಪರೀಕ್ಷೆ ಕಡ್ಡಾಯ. ಬೋರ್ಡ್ ತಲೆಕೆಳಗಿಟ್ಟು ಗಾಲಿಗಳನ್ನು ಅರ್ಧ ವೇಗದಲ್ಲಿ ತಿರುಗಿಸುತ್ತಾ, ಟ್ರಿಗರ್ ಬಿಡದೆಯೇ ರಿಮೋಟ್ ಆಫ್ ಮಾಡಿ. ಒಂದು ಸೆಕೆಂಡಿನೊಳಗೆ ನೂಕು ನಿಂತು ಗಾಲಿ ತಾನಾಗಿ ನಿಧಾನವಾಗಬೇಕು. ತಿರುಗುತ್ತಲೇ ಇದ್ದರೆ ರಿಸೀವರ್ ಕೊನೆಯ ಸಿಗ್ನಲನ್ನೇ ಹಿಡಿದುಕೊಂಡಿದೆ ಎಂದರ್ಥ. ವೆಸ್ಕ್‌ಗೆ ಸಿಗ್ನಲ್ ಬರುತ್ತಲೇ ಇರುವುದರಿಂದ ಅದರ ಟೈಮೌಟ್ (ಸಿಗ್ನಲ್ ನಿಂತರೆ ಮೋಟಾರ್ ಬಿಟ್ಟುಬಿಡುವ ಏರ್ಪಾಡು) ಇಲ್ಲಿ ನೆರವಿಗೆ ಬಾರದು. ರಿಸೀವರ್‌ನ ಫೇಲ್‌ಸೇಫನ್ನು ನಡುಬಿಂದುವಿಗೆ ಕಟ್ಟಿ, ಆ ಸೌಲಭ್ಯ ಇಲ್ಲದಿದ್ದರೆ ರಿಮೋಟ್ ಬದಲಿಸಿ. ಟೈಮೌಟ್ ಬ್ರೇಕ್ ಕರೆಂಟನ್ನು ಸೊನ್ನೆ ಇಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಸಿಗ್ನಲ್ ಹೋದಾಗ ಬೋರ್ಡ್ ಜಾರುತ್ತಾ ಹೋದರೆ ಇಳಿದು ಓಡಬಹುದು, ಹಠಾತ್ತಾಗಿ ಬ್ರೇಕ್ ಬಿದ್ದರೆ ಮುಖ ಅಡಿಯಾಗಿ ಬೀಳುವುದೇ ಗತಿ. ಇಷ್ಟೆಲ್ಲ ಮಾಡಿದರೂ ಮಾಸ್‌ಫೆಟ್ ಸುಟ್ಟು ಶಾರ್ಟ್ ಆದರೆ ಆ ಗಾಲಿ ಬಿಗಿಯುತ್ತದೆ, ಅದಕ್ಕೆ ಯಾವ ಸೆಟ್ಟಿಂಗೂ ಇಲ್ಲ. ಹೆಲ್ಮೆಟ್ ಇಲ್ಲದೆ ಹತ್ತಬೇಡಿ.

ಓಡುತ್ತಿರುವಾಗ ಕಡಿತವಾದರೆ ಸ್ವಿಚ್ ಆಫ್ ಮಾಡುವ ಆತುರ ಬೇಡ. ಫಾಲ್ಟ್‌ಗಳ ದಾಖಲೆ ಆಫ್ ಮಾಡಿದೊಡನೆ ಅಳಿಸಿಹೋಗುತ್ತದೆ. ಆನ್ ಇರುವಾಗಲೇ ಕಂಪ್ಯೂಟರ್ ಜೋಡಿಸಿ ವೆಸ್ಕ್ ಟೂಲ್‌ನ ಟರ್ಮಿನಲ್‌ನಲ್ಲಿ ‘ಫಾಲ್ಟ್ಸ್’ ಎಂದು ಟೈಪ್ ಮಾಡಿ. ‘ಆ್ಯಬ್ಸ್ ಓವರ್ ಕರೆಂಟ್’ ಬಂದರೆ ಮೊದಲು ಫೇಸ್ ಕನೆಕ್ಟರ್‌ಗಳನ್ನು ಎಳೆದು ನೋಡಿ, ಮೋಟಾರ್ ಡಿಟೆಕ್ಷನ್ ಮತ್ತೆ ಓಡಿಸಿ. ‘ಅಂಡರ್ ವೋಲ್ಟೇಜ್’ ಎಂದರೆ ಬ್ಯಾಟರಿ ವೈರಿನ ಬೆಸುಗೆ ಅಥವಾ ಸುಸ್ತಾದ ಸೆಲ್. ‘ಓವರ್ ವೋಲ್ಟೇಜ್’ ಎಂದರೆ ಬ್ರೇಕ್ ಹಿಡಿದಾಗ ಬ್ಯಾಟರಿ ದಾರಿ ತುಂಡಾಗಿದೆ: ಲೂಪ್ ಕೀ ಸಡಿಲ, ಫ್ಯೂಸ್ ಹೋಗಿದೆ, ಇಲ್ಲವೇ ಬಿಎಂಎಸ್ ಇನ್ನೂ ನಡುವೆಯೇ ಇದೆ. ‘ಡಿಆರ್‌ವಿ’ ಬಂದರೆ ಒಮ್ಮೆ ಆಫ್ ಆನ್ ಮಾಡಿ ನೋಡಿ. ಗಾಲಿ ಮುಟ್ಟುವ ಮೊದಲೇ ಮತ್ತೆ ಅದೇ ಬಂದರೆ ಆ ಬದಿಯ ಚಿಪ್ ಹೋದಂತೆ, ಅದರ ಮೇಲೆ ಇನ್ನು ನಿಲ್ಲಬೇಡಿ.